ಕಾಲು ಸುತ್ತು

ಎಸ್.ಪಿ. ರೋಡಿನಲ್ಲಿ, ಮೆಟ್ಟಿಲ ಕೆಳಗಿನ ಅಂಗಡಿಯವನು
ಆರುನೂರ ನಲವತ್ತು ಅಂದ, ಐನೂರ ಎಂಬತ್ತಕ್ಕೆ ಕೊಟ್ಟ.
ಬಿಲ್ಲು ಬೇಕಾದರೆ ಮತ್ತೆ ಆರುನೂರ ನಲವತ್ತೇ.

ಹಳದಿ ಹಿಡಿ. ಹೆಬ್ಬೆರಳಿಗೊಂದು ತಗ್ಗು.
ತಲೆಯಲ್ಲಿ ಗಿಳಿಮರಿಯ ಕೊಕ್ಕಿನಂಥ ಕೊಕ್ಕೆ,
ಅದರೊಳಗೆ ಉಗುರಿನ ತುದಿಯಷ್ಟು ಅಲಗು.
ಕೇಬಲ್ಲನ್ನು ಕೊಕ್ಕೆಗೆ ಸಿಕ್ಕಿಸಿ ಒಂದು ಸಲ ಸುತ್ತಬೇಕು,
ಆಮೇಲೆ ನಮ್ಮ ಕಡೆಗೆ ಎಳೆಯಬೇಕು.
ಕರೀ ತೊಗಲು ಬಾಯಿ ಬಿಡುತ್ತದೆ;
ಒಳಗೆ ಕೆಂಪು, ಕಪ್ಪು, ಹಸಿರು,
ಒಂದೇ ಕಂಬಳಿಯಲ್ಲಿ ಮಲಗಿದ ಮೂರು ಮಕ್ಕಳು.

ಹಿಡಿಯ ಬುಡದಲ್ಲಿ ತಿರುಪು. ವಿದ್ಯೆಯೆಲ್ಲ ಅಲ್ಲಿದೆ.
ಕಾಲು ಸುತ್ತು ಕಮ್ಮಿಯಾದರೆ ತೊಗಲು ಬಿಡುವುದಿಲ್ಲ,
ಕಾಲು ಸುತ್ತು ಜಾಸ್ತಿಯಾದರೆ ಒಳಗಿನ ಕೆಂಪಿಗೆ ಗೀರು.
ಆ ಗೀರು ಇವತ್ತು ಮಾತಾಡುವುದಿಲ್ಲ.
ಗೋಡೆಗೆ ಪ್ಲಾಸ್ಟರ್ ಆಗಿ, ಬಣ್ಣ ಆಗಿ,
ಗೃಹಪ್ರವೇಶದ ಎಲೆ ಎತ್ತಿಯಾಗಿ,
ಎರಡನೇ ವರ್ಷ ಯಾರೋ ಗೀಸರ್ ಹಾಕಿದ ಬೆಳಿಗ್ಗೆ
ಮಾತಾಡುತ್ತದೆ.

ಇದನ್ನು ನನಗೆ ಹೇಳಿದವರು ಅಂತೋಣಪ್ಪ ಮೇಸ್ತ್ರಿ.
ಅವರ ಚೀಲದಲ್ಲಿ ಇಂಥ ಹತಾರ ಇರಲಿಲ್ಲ,
ಹತಾರ ಬಾಯಲ್ಲಿತ್ತು.
ಮೇಲಿನ ಸಾಲು, ಎಡಗಡೆ ಮುಂಬಲ್ಲು:
ಅದರ ಅಂಚಿಗೆ ಮೂವತ್ತೊಂದು ವರ್ಷದ ವೈರು ಕೊರೆದ ಕಚ್ಚು.
ಕಚ್ಚಿ, ಕತ್ತು ಹಿಂದಕ್ಕೆಳೆದು, ಪಕ್ಕಕ್ಕೆ ಉಗಿಯುತ್ತಿದ್ದರು.
ಎಷ್ಟು ಸ್ವಿಚ್ಚು ಕೂರಿಸಿದರೆಂದು
ನೆಲದ ಮೇಲಿನ ಬಣ್ಣದ ಸಿಪ್ಪೆ ಎಣಿಸಿ ಹೇಳಬಹುದಿತ್ತು.
ನಗುವಾಗ ಅಂಗೈ ಅಡ್ಡ ಹಿಡಿಯುವರು.
"ನೀನು ಹಲ್ಲು ಹಾಕಬೇಡಮ್ಮಾ, ಹೆಣ್ಣುಮಕ್ಕಳಿಗೆ ಚೆಂದ ಕಾಣಲ್ಲ."
ಮಾರನೇ ದಿನ, ಟೀ ಲೋಟ ಕೆಳಗಿಟ್ಟು,
"ಯಾರಿಗೂ ಕಾಣಲ್ಲ ಬಿಡು."

ಕಲ್ಪಳ್ಳಿಯಲ್ಲಿ ಪೆಟ್ಟಿಗೆ ಮುಚ್ಚುವ ಮುಂಚೆ ನೋಡಿದೆ.
ಗದ್ದಕ್ಕೆ ಬಿಳಿ ಬಟ್ಟೆ ಕಟ್ಟಿ ಬಾಯಿ ಮುಚ್ಚಿದ್ದರು,
ಇನ್ಸುಲೇಷನ್ ಟೇಪು ಸುತ್ತಿದಷ್ಟು ಬಿಗಿಯಾಗಿ.

ಹೋದ ವಾರ ಚಾಮರಾಜಪೇಟೆಯ ಒಂದು ಹಳೇ ಮನೆ.
ಮೂರು ತಿಂಗಳಿಗೆ ಮಾತ್ರ ಕರೆಂಟು ಬೇಕಂತೆ,
ಆಮೇಲೆ ಒಡೆಯುತ್ತಾರಂತೆ.
ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು ಏಣಿ ಹತ್ತಿದೆ.
ತೇಗದ ಪಟ್ಟಿ ಬಿಚ್ಚಿದರೆ, ಬಟ್ಟೆ ಸುತ್ತಿದ ರಬ್ಬರ್ ವೈರು.
ಹೊಸ ಕೊಕ್ಕೆ ಹಾಕಿದೆ. ತಿರುಪು ಪೂರಾ ಸಡಿಲಿಸಿದೆ.
ಸುತ್ತುವ ಮೊದಲೇ ಉದುರಿತು, ಸುಟ್ಟ ಹಪ್ಪಳದ ಹಾಗೆ,
ಕಣ್ಣಿಗೆ, ಮೂಗಿಗೆ, ಕೆಳಗೆ ಏಣಿ ಹಿಡಿದ ಜಬೀನಳ ಓಢಣಿಗೆ.
ಸುಲಿಯಲು ತೊಗಲೇ ಇಲ್ಲದ ಮೇಲೆ
ಐನೂರ ಎಂಬತ್ತು ರೂಪಾಯಿ ಏನು ಮಾಡೀತು?
ಉಗುರಲ್ಲಿ ಕೆರೆದೆ.
ಕಲಾಯಿ ಹಾಕಿದ ತಾಮ್ರ. ಅಜ್ಜಿಯ ಸಾರಿನ ಪಾತ್ರೆಯ ಒಳಮೈ.

ಜಾಯಿಂಟಿನ ಹತ್ತಿರ, ಹಳೇ ಟೇಪಿನಡಿ,
ಎರಡಂಗುಲ ರಬ್ಬರು ಮೆತ್ತಗೆ ಉಳಿದಿತ್ತು.
ಅದರ ಅಂಚು ಚಾಕುವಿನ ಅಂಚಲ್ಲ.
ಎರಡು ಕಡೆ ತಗ್ಗು, ನಡುವೆ ಹರಿದದ್ದು.
ಮೇಸ್ತ್ರಿ ಹುಟ್ಟುವ ಮುಂಚಿನ ಯಾರದೋ ಹಲ್ಲು.
ಅವನೂ ಇಲ್ಲೇ ನಿಂತಿದ್ದ, ಕತ್ತು ಹಿಂದಕ್ಕೆಳೆದಿದ್ದ,
ಈ ಸೂರಿನ ಕಡೆಗೇ ಉಗಿದಿದ್ದ.
ನಾಲಗೆ ತಾನಾಗಿ ನನ್ನ ಮುಂಬಲ್ಲು ಸವರಿ ಬಂತು.

ಆ ತುಂಡು ಕತ್ತರಿಸಿ ಫ್ಯೂಸಿನ ಜೊತೆ ಜೇಬಿಗಿಳಿಸಿದೆ.
ಇಳಿದು ಬಂದರೆ ಜಬೀನ್ ಹೊಸ ಕೇಬಲ್ ಬಿಚ್ಚಿ ಕೂತಿದ್ದಳು,
ಹಳದಿ ಹಿಡಿಯನ್ನು ತಿರುಗಿಸಿ ನೋಡುತ್ತ.
"ತಿರುಪು ಎಷ್ಟಕ್ಕೆ ಇಡಲಿ, ಅಕ್ಕ?"

ಬಾಯಿಗೆ ಬಂದ ಲೆಕ್ಕ ಹೇಳಲಿಲ್ಲ.
"ಬೇಡದ ತುಂಡು ಒಂದು ತಗೊ," ಅಂದೆ,
"ಮೊದಲು ಅದರ ಮೇಲೆ ನೋಡು."