ಷರಾ

ಜಮಾಬಂದಿಗೆ ಕುರ್ಚಿ ಹಾಕಿದವನು ನಾನೇ.
ಆರಡಿಗೊಂದು, ಸುಣ್ಣದ ವೃತ್ತದೊಳಗೆ.
ಕೈಲ್‌ಪೊಳ್ದಿಗೆ ಇನ್ನು ನಾಲ್ಕು ದಿನ. ಪಂಚಾಯಿತಿ ಕಟ್ಟಡ ಇಕ್ಕಟ್ಟೆಂದು
ಶಾಲೆಯ ಮೂರನೆಯ ಕೊಠಡಿ ತೆರೆಸಿದ್ದರು.
ನೆಲ್ಲಿಕೊಲ್ಲಿ ಗ್ರಾಮ ಪಂಚಾಯಿತಿ,
ಎರಡು ಸಾವಿರದ ಇಪ್ಪತ್ತು–ಇಪ್ಪತ್ತೊಂದು.
ಗುರಿ, ಸಾಧನೆ, ಷರಾ.
ಮೂರರಲ್ಲಿ ಕೊನೆಯದು ತೀರಾ ಸಣ್ಣ ಕಾಲಂ,
ಹೆಬ್ಬೆರಳಿನಗಲ.

ಮನೆಗಂದಾಯ ನೂರಕ್ಕೆ ನಲವತ್ತೊಂದು.
ನೋಡಲ್ ಅಧಿಕಾರಿ ಕನ್ನಡಕ ಒರೆಸಿಕೊಂಡರು,
ಮಾಸ್ಕಿನ ಉಸಿರು ಗಾಜಿಗೆ ಹತ್ತಿತ್ತು.
‘ಯಾಕ್ರೀ ಇಷ್ಟು ಕಮ್ಮಿ?’
ಬಿಲ್ ಕಲೆಕ್ಟರ್ ನಾನು, ಇಪ್ಪತ್ತೆರಡು ವರ್ಷದವನು.
ರಸೀದಿ ಪುಸ್ತಕ ಹಿಡಿದು ಗೇಟಿನಾಚೆ ನಿಂತರೆ
ನಾಯಿಗಳೂ ಬೊಗಳುವುದು ಬಿಟ್ಟಿದ್ದ ವರ್ಷ ಅದು.
‘ಬಾಗಿಲು ತೆರೀತಿರಲಿಲ್ಲ ಸಾರ್’ ಅಂದೆ.
ಬರೆದುಕೊಂಡರು: ಪ್ರಗತಿ ಕುಂಠಿತ.

ಅಧ್ಯಕ್ಷೆ ಬೊಳ್ಳವ್ವ ಎದ್ದು ನಿಂತರು.
ಆ ವರ್ಷದಲ್ಲಿ ಅವರ ಪಾಲಿಗೆ ಬಂದದ್ದು ಎರಡೇ ತಿಂಗಳು.
ಹಳೆಯ ಸದಸ್ಯರ ಅವಧಿ ನಡುದಾರಿಯಲ್ಲಿ ಮುಗಿದು
ಆಮೇಲೆ ಬಂದ ಆಡಳಿತಾಧಿಕಾರಿಯನ್ನು
ನಾವು ಕಂಡದ್ದು ಸಹಿಯಾಗಿ ಮಾತ್ರ,
ಹಸಿರು ಶಾಯಿ, ಉದ್ದ ಬಾಲ.
ಆದರೂ ಬೊಳ್ಳವ್ವ ನುಣುಚಿಕೊಳ್ಳಲಿಲ್ಲ:
‘ಹನ್ನೊಂದು ಬೀದಿದೀಪ ಹಾಕಿಲ್ಲ, ಹೌದು.
ಆ ದುಡ್ಡು ಲೈನ್ ಮನೆಗಳಿಗೆ ಅಕ್ಕಿಯಾಯಿತು.
ಮಾಡಿದ್ದು ಹಿಂದಿನವರು. ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.
ಬರೆದುಕೊಳ್ಳಿ.’
ಅಧಿಕಾರಿ ಬರೆದುಕೊಳ್ಳಲಿಲ್ಲ.
ಲೆಕ್ಕಶೀರ್ಷಿಕೆ ಬೇರೆ, ಅಂದರು.

ಹಿಂದಿನ ಬೆಂಚಿನಿಂದ ಯಾರೋ: ಕಸದ ಟ್ರ್ಯಾಕ್ಟರ್ ಎಲ್ಲಿ?
ಇನ್ನೊಬ್ಬರು: ಆನೆ ತುಳಿದ ಪೈಪಿಗೆ ಎರಡು ಸಲ ಬಿಲ್ಲು ಯಾಕೆ?
ಎರಡು ಸಲ ತುಳೀತು, ಅಂದ ನೀರುಗಂಟಿ ಚಾತುಕುಟ್ಟಿ,
ಬಸ್ಸಿಲ್ಲದ ರಸ್ತೆ, ಅದಕ್ಕೂ ವಾಕಿಂಗು.
ಎಲ್ಲರೂ ನಕ್ಕರು.
ನಗು ಭುಜಗಳಲ್ಲಿ ಕಂಡಿತು.

ಆಮೇಲೆ ಪುಟ ಒಂಬತ್ತು.
ಕ್ವಾರಂಟೈನ್ ಕೇಂದ್ರ ಒಂದು. ತಂಗಿದವರು ಮೂವತ್ತನಾಲ್ಕು.
ಊಟ ಪೂರೈಕೆ ಶೇಕಡಾ ನೂರು.
ಸೋಂಕಿನಿಂದ ಮರಣ: ಸೊನ್ನೆ.
ಸೊನ್ನೆಗೆ ಚಪ್ಪಾಳೆ ಬಿತ್ತು.
ನಾನೂ ತಟ್ಟಿದೆ. ಬರೆದವನು ನಾನೇ,
ಸುಳ್ಳು ಬರೆದಿಲ್ಲ.
ಉಸಿರು ಎಲ್ಲಿ ನಿಂತಿತೋ ಸಾವು ಅಲ್ಲಿಯದು;
ಮಡಿಕೇರಿಯಲ್ಲಿ ನಿಂತದ್ದು ಮಡಿಕೇರಿಯ ಪುಸ್ತಕಕ್ಕೆ.

ಅಧಿಕಾರಿಯ ಬೆನ್ನ ಹಿಂದೆ ಕರಿಹಲಗೆ.
ಅದರ ಎಡ ಮೂಲೆಯಲ್ಲಿ ಸೀಮೆಸುಣ್ಣದ ಗೀಟುಗಳು:
ನಾಲ್ಕು ನಿಂತು ಒಂದು ಅಡ್ಡ,
ನಾಲ್ಕು ನಿಂತು ಒಂದು ಅಡ್ಡ,
ಮತ್ತೆ ಎರಡು.
ಮೆಣಸು ಕೊಯ್ಯಲು ಲಾರಿ ಹತ್ತಿ ಬಂದು
ಗಡಿಯ ಮಣ್ಣುಗುಡ್ಡೆಯ ಹತ್ತಿರ ಸಿಕ್ಕವನು,
ಅಸ್ಸಾಮಿನ ಬುಧು ಓರಾಂಗ್.
ಹೆಸರು ಬರೆಯುವಾಗ ಮೂರು ಸಲ ಕೇಳಿದ್ದೆ.
ಅವನ ಮಾತು ನಮಗೆ ಬಾರದು, ನಮ್ಮದು ಅವನಿಗೆ.
ಕಿಟಕಿ ಸರಳಿನೊಳಗಿಂದ ಲೋಟ ಚಾಚಿ
ಬೆರಳ ತುದಿ ಉಜ್ಜಿ ತೋರಿಸುತ್ತಿದ್ದ.
ಸಕ್ಕರೆಯಿರಬೇಕೆಂದು ಎರಡು ದಿನ ಸಕ್ಕರೆ ಹಾಕಿದೆವು.
ಅವನಿಗೆ ಬೇಕಿದ್ದದ್ದು ಉಪ್ಪು.
ಕಾಫಿ ಸೀಮೆಯಲ್ಲಿ ಕೂತು
ಉಪ್ಪು ಹಾಕಿದ ಕಪ್ಪು ಚಹಾ, ದಿನಕ್ಕೆ ಎರಡು ಲೋಟ;
ಖರ್ಚಿನ ಪಟ್ಟಿಯಲ್ಲಿ ಉಪ್ಪು ಒಂದು ಕಿಲೋ ಹೆಚ್ಚಿಗೆ,
ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಹನ್ನೆರಡನೆಯ ರಾತ್ರಿ ಆಂಬುಲೆನ್ಸ್ ಬಂತು.
ಗೇಟಿನ ತನಕ ಆಶಾ ಜಾನಕಿ ಟಾರ್ಚು ಹಿಡಿದಳು.
ಕಂಬವಿತ್ತು, ದೀಪವಿರಲಿಲ್ಲ.
ಷರಾದಲ್ಲಿ ನಾನು ಬರೆದದ್ದು: ಸ್ಥಳಾಂತರ.
ನಾಲ್ಕೇ ಅಕ್ಷರ.
ಹೆಬ್ಬೆರಳಿನಗಲದಲ್ಲಿ ಹಿಡಿಸಿತು.

ಸಭೆ ಮುಗಿದು, ವಡೆ ಮುಗಿದು, ವಾಹನ ಹೊರಟು
ಕುರ್ಚಿ ಒಟ್ಟುವ ಹೊತ್ತಿಗೆ
ಚಾತುಕುಟ್ಟಿ ಡಸ್ಟರ್ ಎತ್ತಿಕೊಂಡ. ‘ಒರೆಸ್ಲಾ?’
ಕೊಠಡಿ ಸ್ಯಾನಿಟೈಜ್ ಮಾಡಲಾಗಿದೆ ಎಂದು
ಪುಟ ಹತ್ತರಲ್ಲಿ ಆಗಲೇ ಇದೆ.
‘ಬಿಡು,’ ಅಂದೆ, ‘ಹಲಗೆ ನಮ್ಮ ಆಸ್ತಿವಹಿಯಲ್ಲಿಲ್ಲ.
ಅದು ಶಿಕ್ಷಣ ಇಲಾಖೆಯದ್ದು.’
ಅವನು ನನ್ನ ಮುಖ ನೋಡಿ
ಡಸ್ಟರ್ ಇದ್ದಲ್ಲೇ ಇಟ್ಟ.
ಮೋಟಾರು ಹಾಕುವ ಹೊತ್ತಾಗಿತ್ತು.