ಹೊಟ್ಟೆಗೆ ಹಾಕಿಕೊಂಡದ್ದು

ಶುರುವಾದದ್ದು ಒಂದು ದವಡೆ ಹಲ್ಲಿನಿಂದ.
ನಾನಾ ಪೇಠೆಯ ಹಲ್ಲಿನ ಡಾಕ್ಟರು ಕೊಟ್ಟ
ಕೆಂಪು ಹಳದಿ ಗುಳಿಗೆ, ದಿನಕ್ಕೆ ಮೂರು, ಹತ್ತು ದಿನ.
ಹಲ್ಲು ಸುಮ್ಮನಾಯಿತು. ಹೊಟ್ಟೆ ಬಾಯಿಬಿಟ್ಟಿತು.

ಆ ಮಳೆಗಾಲ ನನಗೆ ಕಕ್ಕಸಿನ ಬಾಗಿಲೇ ತಲೆಬಾಗಿಲು.
ಪಾಲಖಿ ನಮ್ಮ ಓಣಿಗೆ ಬಂದು ಹೋದದ್ದು
ಗೋಡೆಯಾಚೆಯ ತಾಳದಿಂದ ತಿಳಿಯಿತು.
ಐವತ್ತೆಂಟು ಕಿಲೋ ಇದ್ದವಳು ನಲವತ್ತೊಂದಕ್ಕಿಳಿದೆ,
ಬಳೆಗಳು ಜಾರಿ ಮೊಣಕೈತನಕ ಹೋಗಿ ಬರುತ್ತಿದ್ದವು.

ಡಾಕ್ಟರ್ ಸಹಸ್ರಬುದ್ಧೆ, ಹೆಸರಲ್ಲೇ ಸಾವಿರ ಬುದ್ಧಿ,
ನನಗೆ ತಿಳಿಯಲೆಂದು ಒಂದನ್ನೇ ಖರ್ಚು ಮಾಡಿದರು:
ಕಳೆ ಕೀಳಲು ಹೋಗಿ ಪೈರೆಲ್ಲ ಕಿತ್ತು ಹೋಗಿದೆ,
ಬರಿದಾದ ಹೊಲದಲ್ಲಿ ಒಂದೇ ಪುಂಡ ಹುಲ್ಲು ಹಬ್ಬಿದೆ,
ಔಷಧಿ ಹೊಡೆದರೆ ಮಲಗುತ್ತದೆ, ಬಿಟ್ಟರೆ ಏಳುತ್ತದೆ,
ಇನ್ನೊಬ್ಬರ ಹೊಲದಿಂದ ಮಣ್ಣು ತರಬೇಕು.

ಮಣ್ಣು ಎಂದದ್ದು ಮರ್ಯಾದೆಗೆ.
ಅದು ಯಾವ ಮಣ್ಣೆಂದು ನರ್ಸ್ ಬಿಡಿಸಿ ಹೇಳಿದಾಗ
ಸೆರಗು ಬಾಯಿಗೊತ್ತಿ ಗೋಡೆ ಕಡೆ ತಿರುಗಿದೆ.

ಗಂಡನಿಗೆ ಸಕ್ಕರೆ ಕಾಯಿಲೆ. ಮಗ ಮೊನ್ನೆಯಷ್ಟೇ
ಗಂಟಲಿಗೆಂದು ಅದೇ ಜಾತಿಯ ಗುಳಿಗೆ ನುಂಗಿದ್ದ.
ಸೊಸೆ ತುಂಬು ಬಸುರಿ.
ಉಳಿದವಳು ನಿಂಬೆವ್ವ,
ಹಡಪ್ಸರದ ಗೇಟಿನ ಹತ್ತಿರ ರೊಟ್ಟಿ ಬಡಿದು ಮಾರುವವಳು,
ನನ್ನ ಬೆನ್ನಿಗೆ ಬಿದ್ದ ತಂಗಿ,
ಅವ್ವನ ಬೋರಮಾಳ ನನ್ನ ಪಾಲಾದಂದಿನಿಂದ
ಒಂಬತ್ತು ವರ್ಷ ನನ್ನ ಮನೆಯ ನೀರು ಮುಟ್ಟದವಳು.

ಅವಳನ್ನು ಸೋಸಿ, ಜಾಲಾಡಿ, ಹನಿಹನಿ ಪರೀಕ್ಷೆ ಮಾಡಿದರು.
ಏನು ತಿನ್ನುತ್ತೀರಿ ಎಂದು ಕೇಳಿದ್ದಕ್ಕೆ
"ನಿನ್ನಿ ರೊಟ್ಟಿ, ಹಸಿ ಉಳ್ಳಾಗಡ್ಡಿ, ಹುಳಿ ಮಜ್ಜಗಿ.
ಮಾರಿ ಉಳಿದದ್ದು ಎಲ್ಲಿ ಹೋಗಬೇಕ್ರೀ?" ಅಂದಳಂತೆ.
ಒಂದು ದೋಷ ಸಿಗಲಿಲ್ಲ.

ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಬಂದಳು,
ಬಿಗಿ ಮುಚ್ಚಳದ ಡಬ್ಬಿ, ಮೇಲೊಂದು ಚೀಲ, ಮೇಲೆ ಸೆರಗು.
ಹಾಸಿಗೆಯ ಕಾಲಕಡೆ ನಿಂತು
ಒಂಬತ್ತು ವರ್ಷದ ಮೇಲೆ ಮೊದಲ ಮಾತು:
"ತವರಿನ ಬುತ್ತಿ ತಂದೀನಿ."
ನಕ್ಕರೆ ಹೊಟ್ಟೆ ಹಿಂಡುತ್ತಿತ್ತು.
ನಕ್ಕೆ.

ನಳಿಗೆ ಹಾಕಿದ್ದು ಗೊತ್ತಿಲ್ಲ, ಮಂಪರು.
ಮೂರನೆಯ ದಿನ, ಮಧ್ಯಾಹ್ನ,
ಪಕ್ಕದ ಹಾಸಿಗೆಯವರ ಆಮಟಿಯ ಒಗ್ಗರಣೆ ಮೂಗಿಗೆ ಬಡಿದು
ಹಸಿವೆಯಾಯಿತು.

ಕರುಳಗೋಡೆಗೆ ಒರಗಿ ಮೈಕಾವಲಿನವರು ಕೂತಿರುತ್ತಾರಂತೆ,
ಇಡೀ ಮೈಯ ಕಾವಲಿನಲ್ಲಿ ದೊಡ್ಡ ಪಾಲು ಅಲ್ಲೇ.
ಯಾರ ಮೇಲೆ ಕೋಲೆತ್ತಬೇಕು, ಯಾರಿಗೆ ದಾರಿ ಬಿಡಬೇಕು,
ಹುಟ್ಟುತ್ತ ಅವರಿಗೆ ಪೂರ್ತಿ ತಿಳಿಯದಂತೆ.
ಒಳಗೆ ವಾಸಕ್ಕೆ ಬಂದ, ಕಣ್ಣಿಗೆ ಕಾಣದ ಕೋಟಿ ಮಂದಿ
ನಾವು ಅಗಿದು ಬಿಟ್ಟ ನಾರು ಉಂಡು, ಹುಳಿ ಬರಿಸಿ,
ಗೋಡೆಗೂ ಒಂದು ತುತ್ತು ಕೊಟ್ಟು
ಪಕ್ಕದಲ್ಲೇ ಬದುಕಿ ಬದುಕಿ ಕಲಿಸಬೇಕಂತೆ.
ಡಾಕ್ಟರಮ್ಮ ಹೇಳುತ್ತಿದ್ದರು, ನಾನು ಕಿಟಕಿ ನೋಡುತ್ತಿದ್ದೆ.
ನನ್ನ ಕಾವಲಿನವರು ಅವಳ ಕಡೆಯವರನ್ನು ತಡೆಯಲಿಲ್ಲ.
ನಾನಾಗಿದ್ದರೆ ಹೊಸ್ತಿಲಲ್ಲೇ ಹಳೆ ಲೆಕ್ಕ ತೆಗೆಯುತ್ತಿದ್ದೆ.

ತಪ್ಪಾದರೆ ಹೊಟ್ಟೆಗೆ ಹಾಕಿಕೊ ಎನ್ನುತ್ತಾರೆ ನಮ್ಮಲ್ಲಿ.
ಹಾಕಿಕೊಂಡೆನಲ್ಲ,
ಅವಳ ತಪ್ಪೇನೂ ಇರಲಿಲ್ಲ.

ಬೋರಮಾಳ ಇನ್ನೂ ಸಹಕಾರಿ ಬ್ಯಾಂಕಿನ ಲಾಕರಿನಲ್ಲಿದೆ.
ಎರಡು ಸಲ ಕೀಲಿ ಹಿಡಿದು ಹೊರಟೆ,
ಎರಡು ಸಲವೂ ಬ್ಯಾಂಕಿಗೆ ರಜೆ ಎಂದುಕೊಂಡೆ.

ನಿನ್ನೆ ಹಡಪ್ಸರದ ಬಸ್ಸು ಹತ್ತಿದೆ.
ಹೊಗೆ, ಹಂಚು, ಅವಳ ಕೈಬಳೆಯ ಸದ್ದು.
ಗಿರಾಕಿಯಂತೆ ಸರದಿಯಲ್ಲಿ ನಿಂತು ಐದು ರೊಟ್ಟಿ ಕೇಳಿದೆ.
ದುಡ್ಡು ಎಣಿಸಿಯೇ ಇಸಿದುಕೊಂಡಳು,
ಚಿಲ್ಲರೆಯನ್ನೂ ಬಿಡಲಿಲ್ಲ.
ಆಮೇಲೆ ಆರನೆಯದೊಂದು, ಇನ್ನೂ ಉಬ್ಬಿದ್ದು,
ಮೇಲಿಟ್ಟು ಕಾಗದ ಮಡಚಿದಳು.

"ಇದು ನಿನಗಲ್ಲ.
ಒಳಗಿರೋ ನಮ್ಮ ಮಂದಿಗೆ.
ಬೀಗರನ್ನ ಉಪಾಸ ಕೆಡವಬ್ಯಾಡ."