ಕಲಾಮಾದಿಂದ ವಾಪಸು

ನಾಲ್ಕು–ಸೊನ್ನೆ.
ಬಸ್ಸಿನಲ್ಲಿ ಯಾರೂ ಆ ಅಂಕಿ ಎತ್ತುತ್ತಿಲ್ಲ.
‘ಅದು’ ಅನ್ನುತ್ತಾರೆ,
ಮನೆಯೊಳಗೆ ರೋಗದ ಹೆಸರು ಹೇಳದವರ ಹಾಗೆ.
ಅದು ಆಗುವ ಮುಂಚೆ. ಅದು ಆದಮೇಲೆ.

ನನ್ನ ಮೊಣಕಾಲುಗಳ ನಡುವೆ ನಮ್ಮ ನಗಾರಿ.
ರಸ್ತೆಯ ಪ್ರತಿ ಗುಂಡಿಗೂ
ತಾನಾಗಿಯೇ ಒಂದು ಸಲ ಗುಮ್ ಅನ್ನುತ್ತದೆ.
‘ಅದರ ಬಾಯಿ ಮುಚ್ಚಿಸೇ, ನೋಲ್ಫಾ’ ಎಂದಿತು ಹಿಂದಿನ ಸೀಟು.
ಸ್ವೆಟರು ಬಿಚ್ಚಿ ಹೊದಿಸಿದೆ.
ಈಗ ಒಳಗೊಳಗೇ ಗೊಣಗುತ್ತದೆ, ನಮ್ಮೆಲ್ಲರ ಹಾಗೆ.

ಬರುವಾಗ ಮೂವತ್ತೊಂದು ಗಂಟೆ ಹಾಡಿದ್ದೆವು.
ಬೇಯಿಸಿದ ಮೊಟ್ಟೆ ನೂರಿಪ್ಪತ್ತು, ಮೂರು ಚೀಲ ಬ್ರೆಡ್ಡು,
ಎಲಿಸೆಯೊ ಮುದುಕನ ಥರ್ಮಾಸಿನಲ್ಲಿ
ಕಾಫಿ ಎಂಬ ಹೆಸರಿನ ಬೇರೇನೋ.
ಮರ, ಹೊಳೆ, ಹಸು, ದ್ರಾಕ್ಷಿತೋಟ
ಒಂದೊಂದಾಗಿ ಇಳಿದುಹೋದವು,
ಟಿಕೆಟ್ಟಿನ ದುಡ್ಡು ಅಲ್ಲಿಗಷ್ಟೇ ಇದ್ದವರಂತೆ.
ಕೊನೆಗೆ ಉಳಿದದ್ದು ಮಣ್ಣು, ಬಿಸಿಲು,
ನಾವು ಮೂವತ್ತೆಂಟು ಜನ.

ಆರನೇ ನಿಮಿಷ.
ಗೋಲ್‌ಕೀಪರ್ ಯೆರ್ಕೊ, ಇಪ್ಪತ್ತರ ಹುಡುಗ,
ಸುಮ್ಮನೆ ಉರುಳಿ ಬಂದ ಚೆಂಡಿಗೆ ಬಗ್ಗಿದ,
ಬಿದ್ದ ಚಿಲ್ಲರೆ ಹೆಕ್ಕುವವನಂತೆ.
ಚೆಂಡು ಅವನ ಕಾಲಸಂದಿಯಲ್ಲಿ ನುಗ್ಗಿತು,
ಬಾಗಿಲು ತಟ್ಟದೆ ನೆಂಟರ ಮನೆಗೆ ನುಗ್ಗುವ ಹಾಗೆ.
ಆಮೇಲಿನ ಮೂರು ಬರೀ ಬಡ್ಡಿ.

ಮೊದಲ ನೂರು ಕಿಲೋಮೀಟರು ರೆಫರಿಯನ್ನು ಬೈದೆವು,
ಅವನ ತಾಯಿಯನ್ನು, ಕನ್ನಡಕ ಮಾರಿದವನನ್ನು.
ಮುಂದಿನ ನೂರು, ಮರುಭೂಮಿಯ ಎತ್ತರವನ್ನು.
ಕುಣಿಯಲಾರದವರಿಗೆ ನೆಲ ಡೊಂಕು;
ನಮಗೆ ಗಾಳಿ ತೆಳು.
‘ಅವರೂ ಅದೇ ಗಾಳಿ ಕುಡಿದರಲ್ಲ’ ಎಂದ ಡ್ರೈವರು.
ಅವನನ್ನೂ ಬೈದೆವು.
ಆಮೇಲೆ ಮಾತೆಲ್ಲ ಹೊರಳಿ ಹೊರಳಿ
ಆ ಹುಡುಗನ ಕೈಗೇ ಬಂದು ನಿಂತಿತು.
‘ಊರಿಗೆ ಬರಲಿ’ ಎಂದ ರಿಗೊಬೆರ್ತೊ,
‘ಅವರಮ್ಮ ಮೀನು ಕೊಳ್ಳುವುದು ನನ್ನ ಅಂಗಡಿಯಲ್ಲೇ.
ನಾನು ಮಾತಾಡುವುದಿಲ್ಲ. ತಕ್ಕಡಿ ಮಾತಾಡುತ್ತದೆ.’

ಎಲಿಸೆಯೊ ಕಿಟಕಿಯ ಕಡೆಗೇ ಹೇಳಿದ:
‘ನನ್ನ ಪ್ರಾಯದಲ್ಲಿ ಇದೇ ದಾರಿಯಲ್ಲಿ
ಏಳು ಗೋಲು ತಿಂದು ಹಾಡುತ್ತಾ ಮರಳಿದ್ದೆವು.’
‘ಯಾಕೆ ಹಾಡಿದಿರಿ?’
ತುಂಬ ಹೊತ್ತು ಯೋಚಿಸಿದ.
‘ಕುಡಿದಿದ್ದೆವು.’

ನಡುರಾತ್ರಿ ದಾಟಿತ್ತು. ಪೆಟ್ರೋಲ್ ಬಂಕು.
ಟ್ಯೂಬ್‌ಲೈಟಿನ ಕೆಳಗೆ, ಧೂಳು ಹೊದ್ದು
ನಮ್ಮ ತಂಡದ ಬಸ್ಸೂ ನಿಂತಿತ್ತು.
ವಿಮಾನ ಅವರಿಗೂ ಇಲ್ಲ, ನಮಗೂ ಇಲ್ಲ.
ಕಕ್ಕಸಿನ ಸಾಲಿನಲ್ಲಿ ಹವಾಯಿ ಚಪ್ಪಲಿಯ ಯೆರ್ಕೊ,
ಎರಡು ಕೈಯೂ ಜೇಬಿನಲ್ಲಿ.
ಅವನ ಬೆನ್ನ ಹಿಂದೆಯೇ ರಿಗೊಬೆರ್ತೊ.

ಐನೂರು ಕಿಲೋಮೀಟರು ಮಸೆದಿಟ್ಟ ಮಾತು
ಈಗ ಬಂತು, ಈಗ ಬಂತು ಅಂತ ನಾವು ಉಸಿರು ಹಿಡಿದೆವು.
‘ಒಳಗೆ ಪೇಪರ್ ಇದೆಯಾ?’ ಎಂದ.
ಹುಡುಗ ಜೇಬಿನಿಂದ ಅರ್ಧ ಸುರುಳಿ ತೆಗೆದು
ಮೆಲ್ಲಗೆ ಎಸೆದ.
ಮೀನು ಹಿಡಿದು ಪಳಗಿದ ಆ ಎರಡು ಕೈ
ಗಾಳಿಯನ್ನಷ್ಟೇ ಹಿಡಿದವು.
ಸುರುಳಿ ಬಿದ್ದು, ಬೆಳ್ಳಗೆ ಬಿಚ್ಚುತ್ತಾ,
ಸಿಮೆಂಟಿನ ಮೇಲೆ ಉರುಳಿತು, ಉರುಳಿತು.
ಯೆರ್ಕೊ ಬಗ್ಗಲು ಹೋಗಿ, ತಡೆದುಕೊಂಡ.
ಯಾರೂ ನಗಲಿಲ್ಲ.
ಕೊನೆಗೆ ಎಲಿಸೆಯೊ ಕಾಲು ಚಾಚಿ ನಿಲ್ಲಿಸಿದ.

ಬಸ್ಸು ಹೊರಟಿತು.
ಚಳಿ. ನಗಾರಿಯ ಮೇಲಿನ ಸ್ವೆಟರು ನಾನೇ ಹಾಕಿಕೊಂಡೆ.
ಗುಂಡಿ ಬಂತು, ಗುಮ್ ಅಂದಿತು,
ಯಾರೂ ಏನೂ ಅನ್ನಲಿಲ್ಲ.
‘ನಾಲ್ಕು–ಸೊನ್ನೆ’ ಎಂದ ರಿಗೊಬೆರ್ತೊ ಕತ್ತಲಲ್ಲಿ, ಗಟ್ಟಿಯಾಗಿ.
ಸ್ವಲ್ಪ ಬಿಟ್ಟು,
‘ಆದರೂ ಆ ಮೊದಲನೇದನ್ನು ನಮ್ಮಜ್ಜಿಯೂ ಹಿಡಿಯುತ್ತಿದ್ದಳು.’
‘ಅಜ್ಜಿಯ ಹೆಸರು ಕೊಡಿ’ ಎಂದ ಡ್ರೈವರು,
‘ಶನಿವಾರ ಆಡಿಸೋಣ.’

ಇನ್ನೂ ಸಾವಿರದ ಎಂಟುನೂರು ಕಿಲೋಮೀಟರು.
ಮೊಟ್ಟೆ, ಎಣಿಸಿದೆ, ಹನ್ನೊಂದು ಉಳಿದಿದ್ದವು.